ಬ್ಯಾಡಗಿಯವರೆಗೆ ಹಿಡಿದಿಟ್ಟ ಸೀಟು

ನಮ್ಮ ಪ್ಯಾಸೆಂಜರ್ ರೈಲಿನಲ್ಲಿ ಬ್ಯಾಡಗಿ ಬಂತೆಂದು ಯಾರೂ ಕೂಗಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ ಸುಗ್ಗಿಯ ಕಾಲದಲ್ಲಂತೂ ಮೂಗೇ ಹೇಳುತ್ತದೆ. ಮೊನ್ನೆಯೂ ಹಾಗೇ ಆಯಿತು. ಸ್ಟೇಷನ್ ಇನ್ನೂ ದೂರವಿರುವಾಗಲೇ ಬಾಗಿಲ ಹತ್ತಿರ ನಿಂತವರೊಬ್ಬರು ಸೀನಿದರು, ಅವರ ಹಿಂದೆ ಇನ್ನೊಬ್ಬರು, ಆಮೇಲೆ ಇಡೀ ರೈಲು ಡಬ್ಬಿಯೇ ಸೀನತೊಡಗಿತು. ನಾನೂ ಸೀನಿದೆ. ಮೂಗು ಒರೆಸಿಕೊಳ್ಳಲು ದಸ್ತಿ ಹುಡುಕಿದರೆ ಅದು ಪಕ್ಕದ ಸೀಟಿನ ಮೇಲೆ ಕೂತಿತ್ತು. ಅಲ್ಲಿ ಹಾಸಿದವಳು ನಾನೇ. ರೈಲು ಬ್ಯಾಡಗಿ ಬಿಟ್ಟ ಮೇಲೆ ಅದನ್ನು ಎತ್ತಿಕೊಂಡು, ಎದುರು ನಿಂತಿದ್ದ ಹೆಂಗಸಿಗೆ ಕೂರಲು ಹೇಳಿದೆ. ಆಕೆ ನನ್ನನ್ನು ನೋಡಿದ ನೋಟವನ್ನು ನೀವು ನೋಡಬೇಕಿತ್ತು. ಹಾವೇರಿಯಿಂದ ನಿಂತೇ ಬಂದಿದ್ದಳು, ಪಾಪ.

ನಮ್ಮ ಕಡೆ ಈ ದಸ್ತಿಯ ಮಹಿಮೆ ದೊಡ್ಡದು. ಬಸ್ಸಾಗಲಿ ರೈಲಾಗಲಿ, ಕಿಟಕಿಯಿಂದ ಒಂದು ಕರವಸ್ತ್ರ ಒಳಗೆ ಬಿತ್ತೆಂದರೆ ಆ ಸೀಟು ನಿಮ್ಮದು. ಜಗಳ ಆಡುತ್ತಾರೆ, ಗೊಣಗುತ್ತಾರೆ, ಆದರೆ ದಸ್ತಿ ಎತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ಯಾರೂ ಮಾಡುವುದಿಲ್ಲ. ನಾನು ಹಾವೇರಿಯಲ್ಲಿ ಹತ್ತುವವಳು, ಗೆಳತಿ ರಜಿಯಾ ಬ್ಯಾಡಗಿಯಲ್ಲಿ. ಇಬ್ಬರೂ ರಾಣೇಬೆನ್ನೂರಿನ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆವು. ಬ್ಯಾಡಗಿಗೆ ಬರುವಷ್ಟರಲ್ಲಿ ರೈಲು ತುಂಬಿರುತ್ತಿದ್ದುದರಿಂದ ಅವಳ ಸೀಟು ಕಾಯುವುದು ನನ್ನ ಪಾಲಿನ ಕೆಲಸ. ಒಮ್ಮೆ ಹಿರಿಯರೊಬ್ಬರು, ಬರುವವರು ಎಲ್ಲಿಂದ ಬರುತ್ತಾರೆಂದು ಕೇಳಿದರು. ಬ್ಯಾಡಗಿಯಿಂದ ಎಂದೆ. ಅವರು ಸಿಟ್ಟಾಗಲಿಲ್ಲ. ತಣ್ಣಗೆ, ‘ಅಲ್ರೀ ಅಕ್ಕಾರ, ಬ್ಯಾಡಗಿತನಾ ಈ ಸೀಟಿನ್ಯಾಗ ಗಾಳಿ ಕುಂದ್ರತೈತೇನ್ರಿ?’ ಎಂದರು. ಡಬ್ಬಿಯವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ಸೀಟು ಬಿಡಲಿಲ್ಲ. ನನ್ನದು ಹಾಗೇ, ನಾಚಿಕೆಗಿಂತ ಹಟ ಒಂದು ತೂಕ ಹೆಚ್ಚು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತಾರಲ್ಲ, ರಜಿಯಾ ಅದಕ್ಕೆ ತದ್ವಿರುದ್ಧ. ನೋಡಲು ಸಪ್ಪಗೆ, ಬಾಯಿ ತೆರೆದರೆ ಖಾರ. ಅವಳ ತಂದೆಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಅವಳ ದುಪಟ್ಟಾಕ್ಕೂ ಪುಸ್ತಕಕ್ಕೂ ಅದೇ ಘಾಟು. ಸೀನುತ್ತಲೇ ಪಾಠ ಕೇಳುವುದು ಅವಳ ಕ್ಲಾಸಿನ ಹುಡುಗಿಯರಿಗೆ ರೂಢಿಯಾಗಿತ್ತು. ಮಧ್ಯಾಹ್ನ ಅವಳ ಊಟದ ಡಬ್ಬಿಯ ಕೆಂಪು ಮೆಣಸಿನ ಚಟ್ನಿ ರಂಜಕ, ನನ್ನ ಡಬ್ಬಿಯ ರೊಟ್ಟಿ. ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಆ ಡಬ್ಬಿಗಳ ಮುಂದೆ ಹೇಳಿಕೊಂಡಿದ್ದೇವೆ.

ಆ ದಿನಗಳಲ್ಲೇ ನಾವಿಬ್ಬರೂ ಸೇರಿ ಒಂದು ಸಾಹಸ ಮಾಡಿದೆವು. ಕಾಲೇಜಿನ ಮೂಲೆಗೆ ಬಿದ್ದಿದ್ದ ಕಂಪ್ಯೂಟರುಗಳನ್ನು ಒರೆಸಿ, ವೈರಿನಿಂದ ಒಂದಕ್ಕೊಂದು ಜೋಡಿಸಿ, ಎಲ್ಲವೂ ಕೂಡಿ ಒಂದೇ ದೊಡ್ಡ ಯಂತ್ರದಂತೆ ದುಡಿಯುವ ಹಾಗೆ ಮಾಡಿದೆವು. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಯಾರ ಕೆಲಸ ಯಾವ ಯಂತ್ರಕ್ಕೆ, ಯಾವಾಗ ಎಂದು ಹಂಚಲು ಶೆಡ್ಯೂಲರ್ ಎಂಬ ಪ್ರೋಗ್ರಾಂ ಇರುತ್ತದೆ. ಊಟದ ಪಂಕ್ತಿಯಲ್ಲಿ ಎಲೆ ತೋರಿಸಿ ಕೂರಿಸುವ ಹಿರಿಯನ ಕೆಲಸ ಅದರದು. ರಜಿಯಾ ಮೆಣಸಿನ ಎಲೆಗಳ ಫೋಟೋ ನೋಡಿ ರೋಗ ಗುರುತಿಸುವುದನ್ನು ಯಂತ್ರಕ್ಕೆ ಕಲಿಸುತ್ತಿದ್ದಳು. ಅದಕ್ಕೆ ಇದ್ದವುಗಳಲ್ಲೇ ಗಟ್ಟಿಯಾದ ಯಂತ್ರ ಬೇಕು, ಆದರೆ ಅವಳು ಕೇಳುವಷ್ಟರಲ್ಲಿ ಅದು ಇನ್ನೊಬ್ಬರ ಪಾಲಾಗಿರುತ್ತಿತ್ತು. ಕೊನೆಗೆ ಒಂದು ದಿನ, ‘ಅಕ್ಕಾರ, ರೈಲಿನ್ಯಾಗ ಹಾಕ್ತೀರಲ್ಲ, ಇದರಾಗೂ ನನಗೊಂದು ದಸ್ತಿ ಹಾಕಿಡ್ರಿ’ ಎಂದಳು. ನಾನು ಹಾಕಿದೆ. ಆ ಯಂತ್ರವನ್ನು ಅವಳ ಹೆಸರಿಗೇ ಕಾದಿರಿಸಿದೆ. ಎಲ್ಲಿಯವರೆಗೆ ಎಂದು ಯಂತ್ರ ಕೇಳಿದಾಗ, ಕೊನೆಯಿಲ್ಲ ಎಂದು ಬರೆದೆ.

ಆಮೇಲೆ ಅವಳ ತಂದೆಗೆ ಲಕ್ವಾ ಹೊಡೆಯಿತು. ಅಂಗಡಿ ನೋಡಲು ಗಂಡುಮಕ್ಕಳಿಲ್ಲ, ಇವಳೇ ಹಿರಿಯಳು. ಕಾಲೇಜು ಬಿಟ್ಟ ದಿನ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದವಳು ಕಿಟಕಿಯ ಹತ್ತಿರ ಬಂದು, ‘ಒಂದ್ ಸುಗ್ಗಿ ಮುಗೀಲಿ, ಬಂದೇ ಬರ್ತೇನಿ. ನನ್ನ ಸೀಟ್ ಯಾರಿಗೂ ಬಿಡಬ್ಯಾಡ್ರಿ’ ಎಂದಳು. ಒಂದು ಸುಗ್ಗಿ ಮುಗಿಯಿತು, ಇನ್ನೊಂದು ಬಂತು. ಮೊದಮೊದಲು ದಿನಾ ಫೋನು, ಆಮೇಲೆ ಯುಗಾದಿಗೆ, ರಂಜಾನಿಗೆ. ದಿನಕ್ಕೆರಡು ಸಲ ಅವಳ ಊರಿನ ಮೇಲೇ ಹಾದುಹೋಗುತ್ತೇನೆ. ಒಮ್ಮೆಯೂ ಇಳಿಯಲಿಲ್ಲ. ಅವಳೇ ಬರುತ್ತಾಳಲ್ಲ, ನಾನೇಕೆ ಇಳಿಯಬೇಕು ಎಂದುಕೊಂಡೆ. ಸೀಟು ಕಾಯುವವರಿಗೆ ಎದ್ದುಹೋಗುವುದು ಹೊಳೆಯುವುದೇ ಇಲ್ಲ.

ಮೊನ್ನೆ ಸೀನುತ್ತಾ ಕಾಲೇಜು ಮುಟ್ಟಿದರೆ, ಹೊಸದಾಗಿ ಬಂದ ಪಾಟೀಲ ಸರ್ ಬಾಗಿಲಲ್ಲೇ ಕಾಯುತ್ತಿದ್ದರು. ಅವರು ಮಳೆಯ ಲೆಕ್ಕ ಹಾಕುವವರು. ಅವರ ಕೆಲಸವೆಲ್ಲ ಸಾಲಿನಲ್ಲಿ ನಿಂತಿದೆ, ಒಂದು ಯಂತ್ರ ಮಾತ್ರ ಖಾಲಿ ಕೂತಿದೆ, ಅದಕ್ಕೆ ಏನೂ ಹೋಗುತ್ತಿಲ್ಲ ಎಂಬುದು ದೂರು. ಹಿಂದೆಲ್ಲ ಕೆಲಸವೇ ಕಡಿಮೆ, ಉಳಿದ ಯಂತ್ರಗಳೇ ಸಾಕಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ವರ್ಷ ಎಲ್ಲರಿಗೂ ಯಂತ್ರ ಬೇಕು.

ಏನಾದರೂ ಕೆಟ್ಟರೆ ಮೊದಲು ಜಗತ್ತನ್ನು ಸಂಶಯಿಸುವುದು ನನ್ನ ಪದ್ಧತಿ. ವೈರನ್ನು ಬೈದೆ, ಬದಲಿಸಿದೆ. ಕರೆಂಟಿನವರನ್ನು ಬೈದೆ. ಯಂತ್ರಗಳ ಗಡಿಯಾರ ಹಿಂದೆಮುಂದಾದರೂ ಹೀಗಾಗುತ್ತದೆ, ಅವನ್ನೂ ಸರಿಹೊಂದಿಸಿ ನೋಡಿದೆ. ಶೆಡ್ಯೂಲರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಪಾಟೀಲ ಸರ್ ಏನೋ ತಪ್ಪು ಬರೆದಿದ್ದಾರೆಂದು ಅವರ ಮುಖಕ್ಕೇ ಹೇಳಿದೆ. ಕೊನೆಗೆ, ಬೇರೆ ದಾರಿಯಿಲ್ಲದೆ, ಆ ಯಂತ್ರ ಯಾರಿಗಾದರೂ ಮೀಸಲಾಗಿದೆಯೇ ಎಂದು ಕೇಳಿದೆ. ಪರದೆಯ ಮೇಲೆ ಒಂದು ಸಾಲು ಬಂತು. ಹೆಸರು ರಜಿಯಾ. ಇರಿಸಿದವಳು ನಾನು. ಕೊನೆಯಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಅಳಿಸಲು ಒಂದು ಸಾಲು ಬರೆದರೆ ಸಾಕಿತ್ತು. ನನ್ನ ಕೈ ಏಳಲಿಲ್ಲ. ಇದನ್ನು ತೆಗೆದರೆ ಆ ಕಾಲೇಜಿನಲ್ಲಿ ಅವಳ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಅವಳು ಬರುವುದಿಲ್ಲ ಎಂದು ನಾನೇ ನನ್ನ ಕೈಯಾರೆ ಬರೆದ ಹಾಗೆ. ಪಾಟೀಲ ಸರ್ ಚಹಾ ಕುಡಿಯಲು ಹೋದದ್ದು ನೋಡಿ ರಜಿಯಾಳಿಗೆ ಫೋನ್ ಮಾಡಿದೆ.

ಅವಳ ಹಿಂದೆ ಪೇಟೆಯ ಗದ್ದಲ ಕೇಳುತ್ತಿತ್ತು. ಯಂತ್ರದ ಮಾತೆತ್ತಿದಾಗ, ಅದು ಇನ್ನೂ ನಡೆಯುತ್ತದೆಯೇ ಎಂದು ನಗುತ್ತಾ ಕೇಳಿದಳು. ನಾನು ಎಲ್ಲ ಹೇಳಿದೆ. ರೈಲಿನಲ್ಲಿ ಇನ್ನೂ ಅವಳಿಗೆಂದು ದಸ್ತಿ ಹಾಸುವುದನ್ನೂ ಹೇಳಿಬಿಟ್ಟೆ. ಅದು ಅವಳಿಗೆ ಗೊತ್ತಿರಲಿಲ್ಲ.

‘ದಸ್ತಿ ತಗೀರಿ ಅಕ್ಕಾರ,’ ಎಂದಳು. ‘ಕುಂದ್ರವ್ರು ನಿಂತಾರ.’

‘ನೀ ಬಂದ್ರ?’

‘ನಾ ಬರೂದಾದ್ರ ನಿಂತಾದ್ರೂ ಬರ್ತೇನಿ. ಬರೂ ಮನಸಿದ್ದವ್ರಿಗೆ ಸೀಟ್ ಯಾತಕ್ಕ ಬೇಕ್ರಿ?’

ಫೋನ್ ಇಟ್ಟ ಮೇಲೆ ಅಳು ಬಂತು. ಪಾಟೀಲ ಸರ್ ಬಂದಾಗ ಮೆಣಸಿನ ಘಾಟು ಎಂದೆ. ಆ ಸಾಲನ್ನು ಅಳಿಸಿದೆ. ಇಷ್ಟು ದಿನ ಸುಮ್ಮನಿದ್ದ ಯಂತ್ರದ ಫ್ಯಾನು ಗುಂಯ್ ಎಂದು ತಿರುಗತೊಡಗಿತು. ಅವರ ಮಳೆ ಅಲ್ಲಿ ಸುರಿಯಲು ಶುರುವಾಯಿತು. ನಾನು ಅವರಿಗೆ ಹೇಳಿದ ಮಾತಿಗೆ ಕ್ಷಮೆ ಕೇಳಿದೆ. ಅವರು ಅದನ್ನು ಆಗಲೇ ಮರೆತಿದ್ದರು.

ಈ ಭಾನುವಾರ ಹಾವೇರಿ ಸ್ಟೇಷನ್ನಿಗೆ ಹೋದೆ. ಟಿಕೆಟ್ ಕೊಡುವಲ್ಲಿ ರೂಢಿಯಂತೆ ಬಾಯಲ್ಲಿ ರಾಣೇಬೆನ್ನೂರು ಎಂದೇ ಬಂತು, ತಿದ್ದಿಕೊಂಡು ಬ್ಯಾಡಗಿ ಎಂದೆ. ಚೀಲದಲ್ಲಿ ರೊಟ್ಟಿ ಇತ್ತು, ರಂಜಕ ಒಯ್ಯಲಿಲ್ಲ. ಮದುವೆಯ ಮಂದಿಯಿಂದ ರೈಲು ಕಿಕ್ಕಿರಿದಿತ್ತು. ಖಾಲಿ ಇದ್ದ ಒಂದೇ ಒಂದು ಸೀಟಿನ ಮೇಲೆ ಯಾರೋ ದಸ್ತಿ ಹಾಸಿದ್ದರು. ಯಾರು ಬರುತ್ತಾರೆ ಎಂದು ನಾನು ಕೇಳಲಿಲ್ಲ. ಬ್ಯಾಡಗಿಯವರೆಗೆ ನಿಂತೇ ಹೋದೆ.