ಕೊನೆಯ ಫೋಟೋ ಅಮ್ಮನದಾಗಬೇಕಿತ್ತು

ಬೂಷ್ಟು ಹಿಡಿದ ಚರ್ಮದ ವಾಸನೆ ಎಲ್ಲಿ ಬಂದರೂ ನನಗೆ ಅಪ್ಪನ ಕ್ಯಾಮೆರಾ ಚೀಲ ನೆನಪಾಗುತ್ತದೆ. ಅದರ ಹಿಂದೆಯೇ ಮಡಿಕೇರಿಯ ಆ ಬಾಡಿಗೆ ಮನೆ, ಹಿತ್ತಿಲ ದಿಬ್ಬ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ದಿಬ್ಬ ಹತ್ತಿ ಬರುತ್ತಿದ್ದ ಅಮ್ಮ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಸೂರ್ಯಾಸ್ತದ ಫೋಟೋ ತೆಗೆಯುವ ಹುಚ್ಚು ಅವರಿಗೆ. “ನನ್ನ ಸವತಿ ಮುಳುಗೋ ಹೊತ್ತಾಯ್ತು, ಹೋಗಿ” ಎಂದು ಅಮ್ಮ ಚುಡಾಯಿಸುತ್ತಿದ್ದಳು. ಒಂದು ರೀಲಿಗೆ ಎಂಟೇ ಫೋಟೋ, ಅದನ್ನೂ ಮೈಸೂರಿನಿಂದ ತರಿಸಬೇಕು. ಬೆಳಕು ಹೆಚ್ಚು ಬಿಟ್ಟರೆ ಆಕಾಶ ಸುಣ್ಣ ಬಳಿದ ಗೋಡೆಯಂತಾಗುತ್ತಿತ್ತು, ಕಡಿಮೆ ಬಿಟ್ಟರೆ ಬೆಟ್ಟ ಮೋಡ ಎಲ್ಲವೂ ಮಸಿ. ಚಿತ್ರಕ್ಕೆ ಮುಂದೊಂದು ಕಪ್ಪು ಆಕಾರ ಬೇಕೆಂದು ಅಪ್ಪ ಪ್ರತಿ ಸಲವೂ ಅಮ್ಮನನ್ನೇ ದಿಬ್ಬದ ಅಂಚಿನಲ್ಲಿ ನಿಲ್ಲಿಸುತ್ತಿದ್ದರು. “ರೀ, ಒಂದರಲ್ಲಾದ್ರೂ ಮುಖ ಕಾಣೋ ಹಾಗೆ ತೆಗೀಬಾರ್ದಾ? ನಮ್ಮಮ್ಮಂಗೆ ಕಳಿಸ್ಬೇಕು” ಎಂದು ಅವಳು ಕೇಳುತ್ತಲೇ ಇದ್ದಳು.

ಒಂದು ಸಂಜೆ ಅಪ್ಪ ಒಪ್ಪಿದರು. ರೀಲಿನಲ್ಲಿ ಉಳಿದದ್ದು ಒಂದೇ ಫೋಟೋ. ಅಮ್ಮ ಒಳ್ಳೆಯ ಸೀರೆ ಉಟ್ಟು, ಪೌಡರು ಹಚ್ಚಿಕೊಂಡು ಬಂದಳು. ಅಪ್ಪ ಅವಳನ್ನು ಪಶ್ಚಿಮಕ್ಕೆ ಮುಖ ಮಾಡಿಸಿ ನಿಲ್ಲಿಸಿ, ಲೆನ್ಸಿನ ಸುತ್ತಲಿನ ಅಂಕಿಗಳನ್ನು ಅವಳ ಮುಖದ ಬೆಳಕಿಗೆ ತಕ್ಕಂತೆ ತಿರುಗಿಸಿಕೊಂಡರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಮೋಡ ಸರಿದು ಸೂರ್ಯ ಹೊರಬಂದ. “ಅಪ್ಪಾ, ಹಿಂದೆ ನೋಡಿ” ಎಂದು ಕೂಗಿದವಳು ಆಗಿನ್ನೂ ಚಿಕ್ಕವಳಾಗಿದ್ದ ನಾನೇ. ಅಪ್ಪ ತಿರುಗಿ ನೋಡಿ ಹಾಗೇ ನಿಂತುಬಿಟ್ಟರು. ಅವರ ಆಸೆ ಅಮ್ಮನಿಗೆ ತಿಳಿಯಿತು. “ಪರ್ವಾಗಿಲ್ಲ, ಅದನ್ನೇ ತೆಗೀರಿ. ನಂದು ಮುಂದಿನ ರೀಲಿಗಾಯ್ತು” ಎಂದು ತಾನೇ ಹೋಗಿ ಅಂಚಿನಲ್ಲಿ ನಿಂತಳು. ಅಪ್ಪ ಅಂಕಿಗಳನ್ನು ಮತ್ತೆ ಸೂರ್ಯನಿಗೆ ಹೊಂದಿಸಿದರು. ನಾನು ಕೂಗದೆ ಇದ್ದಿದ್ದರೆ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಮುಂದಿನ ರೀಲು ಬರುವ ಮೊದಲೇ ಜ್ವರದಲ್ಲಿ ಅಮ್ಮ ಹೋಗಿಬಿಟ್ಟಳು. ಅವಳ ಬೇರೆ ಫೋಟೋ ಎಲ್ಲೂ ಇರಲಿಲ್ಲ. ಅಪ್ಪ ನೆಗೆಟಿವ್‌ಗಳನ್ನೆಲ್ಲ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಪೇಟೆಯ ಸ್ಟುಡಿಯೋಗೆ ಹೋದರು. ಹೇಗಾದರೂ ಮಾಡಿ ಮುಖ ಬರಿಸಿಕೊಡಿ ಎಂದು ಅಂಗಲಾಚಿದರು. ಸ್ಟುಡಿಯೋದ ಮಲೆಯಾಳಿ ಮುದುಕ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. “ಇಲ್ಲ ಮಾಷೇ. ಮುಖಕ್ಕೆ ಬೆಳಕೇ ಬಿದ್ದಿಲ್ಲ. ಇಲ್ಲದ್ದು ನಾನು ಎಲ್ಲಿಂದ ತರೋದು?” ಎಂದ. ನಾನೂ ಇಣುಕಿ ನೋಡಿದೆ. ಫೋಟೋದಲ್ಲಿ ಕಪ್ಪಾಗಿ ಕಾಣುತ್ತಿದ್ದ ಅಮ್ಮ ನಿಂತ ಜಾಗ ನೆಗೆಟಿವ್‌ನಲ್ಲಿ ಬರೀ ಗಾಜಿನ ಹಾಗಿತ್ತು. ಅದರ ಮೂಲಕ ಹೊರಗಿನ ಬೀದಿ ಕಾಣುತ್ತಿತ್ತು.

ಅಪ್ಪ ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. ಈಗ ಅವರೂ ಇಲ್ಲ. ಆ ಕೊನೆಯ ಫೋಟೋ ನನ್ನ ಮನೆಯ ಗೋಡೆಯ ಮೇಲಿದೆ. ಅಷ್ಟು ವರ್ಷ ತಪ್ಪಿದ ಬೆಳಕಿನ ಲೆಕ್ಕ ಅದರಲ್ಲಿ ಸರಿಯಾಗಿ ಕೂತಿದೆ. ಬಂದವರೆಲ್ಲ ನಿಂತು ಹೊಗಳುತ್ತಾರೆ. ನನಗೆ ಅಮ್ಮನ ಮುಖ ನೆನಪಿಲ್ಲ.