ಬ್ಯಾಡಗಿಯ ಘಾಟು, ಅಣ್ಣನ ತುತ್ತು

ಹಾವೇರಿಯಿಂದ ಹೊರಟಾಗ ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ರಾಣೆಬೆನ್ನೂರು ಮೂವತ್ತು ಮೂವತ್ತೈದು ಕಿಲೋಮೀಟರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದ ದಿನಗಳವು. ನೇರ ಬಸ್ಸುಗಳು ತುಂಬಿ ಬರುತ್ತಿದ್ದವು. ಬ್ಯಾಡಗಿ ಮೇಲೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕವು. ಕಿಟಕಿಗೆ ಅಣ್ಣ, ಪಕ್ಕಕ್ಕೆ ಅವನ ಹೆಂಡತಿ, ಅಂದರೆ ನಮ್ಮ ವೈನಿ, ಹಿಂದೆ ತಂಗಿ ನಾನು. ಅವ್ವನನ್ನು ಒಯ್ದ, ರಕ್ತದಲ್ಲೇ ಇಳಿದುಬರುವ ನರರೋಗವೇ ಅಣ್ಣನಿಗೂ ಬಂದಿದೆ. ಕೈಕಾಲು ತಾವಾಗಿಯೇ ಕುಣಿಯುತ್ತವೆ, ಮಾತು ತೊದಲುತ್ತದೆ, ಈಚೆಗೆ ನುಂಗುವುದೂ ಕಷ್ಟ. ಗುಣವಾಗದ ರೋಗಿಗಳ ಸಂಕಟ ತಗ್ಗಿಸುವ ವೈದ್ಯರೊಬ್ಬರು ರಾಣೆಬೆನ್ನೂರಿನಲ್ಲಿದ್ದಾರೆಂದು ಕೇಳಿ ಹೊರಟಿದ್ದೆವು.

ಅಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ ಎನ್ನುವುದು ಮೂವರಿಗೂ ನೆನಪಾಗಲಿಲ್ಲ. ವೈನಿ ಬಾಳೆಹಣ್ಣು ಕಿವುಚಿ ಅಣ್ಣನಿಗೆ ತಿನ್ನಿಸುತ್ತಿದ್ದಾಗ ಬಸ್ಸು ಚೀಲ ಹೇರಿದ ಗಾಡಿಗಳ ನಡುವೆ ಸಿಕ್ಕಿ ನಿಂತಿತು. ಘಾಟಿಗೆ ಬಸ್ಸೆಲ್ಲ ಕೆಮ್ಮಿತು.

"ಊರು ಬಂತಂತ ನಾ ಕೂಗೂದ ಬ್ಯಾಡ್ರಿ, ನಿಮ್ಮ ಮೂಗ ಹೇಳತೈತಿ," ಎಂದ ಕಂಡಕ್ಟರ್. ಎಲ್ಲರೂ ಕೆಮ್ಮುತ್ತಲೇ ನಕ್ಕರು.

ಅಣ್ಣನಿಗೆ ಮಾತ್ರ ಕೆಮ್ಮು ಬರಲಿಲ್ಲ. ಬಾಯಿ ತೆರೆದೇ ಇತ್ತು, ಸದ್ದಿಲ್ಲ, ತುಟಿ ನೀಲಿಗಟ್ಟುತ್ತಿತ್ತು. ವೈನಿ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಮತ್ತೆ ಗುದ್ದಿದಳು. ತುತ್ತು ಹೊರಬಿತ್ತು. ನಾನು ಸೀಟಿನ ಕಂಬಿ ಹಿಡಿದು ನಿಂತೇ ಇದ್ದೆ. ಇದನ್ನು ಬರೆಯುವಾಗಲೂ ಆ ಸದ್ದಿಲ್ಲದ ಬಾಯಿ ಕಾಣುತ್ತದೆ.

ಮುಂದಿನ ಊರು ಕದರಮಂಡಲಗಿ ದಾಟುವವರೆಗೆ ವೈನಿ ಅವನ ಬೆನ್ನು ನೀವುತ್ತಲೇ ಇದ್ದಳು.

ವೈದ್ಯರ ಮುಂದೆ ನಾನೇ ಮೊದಲು ಹೇಳಿದೆ: "ಇನ್ನ ಬಾಯಿಂದ ಉಣಿಸೂದ ಬ್ಯಾಡ್ರಿ. ಮೂಗಿಗೆ ಪೈಪ್ ಹಾಕಿಬಿಡ್ರಿ."

ಅವರು ಅಣ್ಣನತ್ತ ತಿರುಗಿದರು. "ನಿಮಗ ಹೆಂಗ ಬೇಕ್ರಿ? ಬಾಯಿಂದ ಉಂಡರ ಮತ್ತ ಸಿಕ್ಕೊಂಡೀತು, ಜೀವಕ್ಕೂ ಬಂದೀತು. ಪೈಪ್ ಹಾಕಿದರೂ ಪೂರಾ ಭದ್ರ ಅಲ್ಲ."

ಅಣ್ಣ ಮಾತಿಗಾಗಿ ಬಹಳ ಹೊತ್ತು ಹೆಣಗಿದ. "ಪೈಪ್ ಬ್ಯಾಡ. ಇಕಿ... ಕೈಲೆ."

"ಇಷ್ಟ ವರ್ಷ ಉಪ್ಪು ಕಡಿಮಿ, ಖಾರ ಹೆಚ್ಚು ಅಂತ ಬೈದು, ಈಗ ನನ್ನ ಕೈನ ಬೇಕಾತೇನ್ರಿ?" ಎಂದಳು ವೈನಿ. ಅಣ್ಣ ನಕ್ಕ. ನನಗೆ ಹೊಟ್ಟೆ ಉರಿಯಿತು. ಅವ್ವನಿಗೆ ಕೊನೆಯವರೆಗೂ ಗಂಜಿ ಕುಡಿಸಿದವಳು ನಾನು. ಆಗ ಈಕೆ ನಮ್ಮ ಮನೆಗೆ ಬಂದೇ ಇರಲಿಲ್ಲ.

ಗದ್ದ ತಗ್ಗಿಸಿ ಉಣ್ಣಬೇಕು, ಚಮಚ ಸಣ್ಣದು, ಗಂಜಿ ಗಟ್ಟಿ, ದಣಿದರೆ ನಿಲ್ಲಿಸಬೇಕು ಎಂದು ವೈದ್ಯರು ನಮ್ಮಿಬ್ಬರಿಗೂ ಕಲಿಸಿದರು. ಬಸ್ ನಿಲ್ದಾಣದ ಬೆಂಚಿನ ಮೇಲೆ ವೈನಿ ಬಾಳೆಹಣ್ಣು ಕಿವುಚಿ ಚಮಚ ನನ್ನ ಕೈಗಿಟ್ಟಳು. "ನೀನೂ ರೂಢಿ ಮಾಡ್ಕೋ. ನನಗ ಜ್ವರ ಬಂದರ?" ನಾನು ಚಮಚ ಒಡ್ಡಿದೆ. ಅಣ್ಣ ತುಟಿ ಬಿಗಿದು ಅವಳನ್ನು ನೋಡಿದ. ಚಮಚ ಅವಳ ಕೈಗೆ ಮರಳಿತು, ಬಾಯಿ ತೆರೆಯಿತು.

ಮರಳುವಾಗ ಬ್ಯಾಡಗಿಗೆ ಹೋಗದ ಬಸ್ಸಿಗಾಗಿ ಕಾದೆವು. ಮುಂದಿನ ಸೀಟಿನಲ್ಲಿ ಅಣ್ಣನ ತಲೆ ವೈನಿಯ ಹೆಗಲ ಮೇಲೆ ಅಲುಗುತ್ತಿತ್ತು. ಅವ್ವನ ರೋಗ ನನಗೂ ಬರಬಹುದು; ಪರೀಕ್ಷೆ ಮಾಡಿಸಿಲ್ಲ, ಮದುವೆಯೂ ಆಗಲಿಲ್ಲ. ಮುಂದೊಂದು ದಿನ ಆ ವೈದ್ಯರು ನನ್ನನ್ನೂ ಕೇಳಿದರೆ ಯಾರ ಕೈ ಎಂದು ಹೇಳಲಿ? ಹಾವೇರಿ ಬರುವವರೆಗೂ ಯೋಚಿಸಿದೆ. ವೈನಿಯ ಕೈ ಬಿಟ್ಟರೆ ಬೇರೆ ಯಾವುದೂ ಹೊಳೆಯಲಿಲ್ಲ.