ಏಡಿ ಮೇಷ್ಟ್ರ ನಂಟಸ್ತಿಕೆ

ಎದುರಿಗೆ ಬಂದ ಸ್ವಂತ ಅಳಿಯನಿಗೇ "ತಾವ್ಯಾರು?" ಎಂದು ಕೇಳುವ ಏಡಿ ಮೇಷ್ಟ್ರಿಗೆ, ಉಗುರಿನಷ್ಟು ಸಮುದ್ರದೇಡಿಯ ಮುತ್ತಜ್ಜಿಯವರೆಗೂ ಗೊತ್ತು. ಏಡಿಯದೊಂದು ಕಾಲು ಕತ್ತರಿಸಿ, "ತಪ್ಪಾಯ್ತು ಕಣಮ್ಮ, ಮತ್ತೆ ಬೆಳೆಯುತ್ತೆ" ಎಂದು ಸಮಾಧಾನ ಹೇಳಿ, ಹಿಡಿದ ಬಂಡೆಗೇ ಬಿಟ್ಟು ಬರುತ್ತಾರೆ. ಪ್ರಯೋಗಾಲಯದಲ್ಲಿ ಆ ಕಾಲಿನ ವಂಶವಾಹಿ ಪರೀಕ್ಷಿಸಿ, ಅಲ್ಲಿನ ಗೋಡೆಯ ವಂಶವೃಕ್ಷದಲ್ಲಿ ಅದರ ಹೆಸರು ಕೂರಿಸುತ್ತಾರೆ. "ಇವೆರಡೂ ಅವಳಿ ಇದ್ದಂಗಿವೆಯಲ್ಲ ಮೇಷ್ಟ್ರೇ?" ಎಂದು ಅಲ್ಲಿ ಸೀಸೆ ತೊಳೆಯುವ ಅಜ್ಜಿ ಗೋಡೆಯ ಎರಡು ಏಡಿಚಿತ್ರ ತೋರಿಸಿ ಕೇಳಿದರೆ, "ಮನೆ ಪಾಲಾಗಿ ಹತ್ತು ಲಕ್ಷ ವರ್ಷ ಆಯ್ತಜ್ಜಿ, ಹೋಗಿಬರೋದೂ ಇಲ್ಲ!" ಎನ್ನುತ್ತಾರೆ. ಒಂದೇ ಒಂದು ಏಡಿಗೆ ಮಾತ್ರ ಮೂರು ವರ್ಷವಾದರೂ ನಂಟರು ಸಿಕ್ಕಿಲ್ಲ. ಅದನ್ನು ಮೇಜಿನ ಮೇಲಿನ ಬೋಗುಣಿಯಲ್ಲಿ ಸಾಕಿಕೊಂಡು, ರಜೆಯಲ್ಲೂ ಬಂಡೆ ಬಂಡೆ ಹುಡುಕುತ್ತಾರೆ. ಮೊನ್ನೆ ಗೋಡೆ ಒರೆಸುತ್ತಿದ್ದ ಅಜ್ಜಿ, ವಂಶವೃಕ್ಷದಲ್ಲಿ ಆ ಏಡಿಯ ಒಂಟಿ ಕೊಂಬೆಯ ಪಕ್ಕ ಪೆನ್ಸಿಲಿನಲ್ಲಿದ್ದುದನ್ನು ಅಕ್ಷರ ಕೂಡಿಸಿ ಓದಿದಳು: "ನಂಟರು: ಸದ್ಯಕ್ಕೆ ನಾನೇ." ಅಲ್ಲಿಗೆ ಬಟ್ಟೆ ತಾಗಿಸಲಿಲ್ಲ.